ಹುಟ್ಟೆಂಜಿನ್ನಿನ ಬೆಲೆ

ಸಂಡೂರು
ವೈಶಾಖದ ನಲವತ್ತೊಂದನೆಯ ದಿನ, 2141

ಮಾನ್ಯ ಗಾದಿಲಿಂಗಪ್ಪನವರಿಗೆ,

ಕಾಳಮ್ಮ ಬಡಿಗೇರ ಮಾಡುವ ನಮಸ್ಕಾರಗಳು. ಮೇಲಿನ ತಾರೀಖು ನೋಡಿ ನೀವು ಹುಬ್ಬು ಗಂಟಿಕ್ಕಬಹುದು. ನಿಮ್ಮ ಕಾಲದಲ್ಲಿ ವೈಶಾಖಕ್ಕೆ ಮೂವತ್ತೇ ದಿನ ಇತ್ತೆಂದು ಓದಿದ್ದೇನೆ. ನಮ್ಮಲ್ಲಿ ಬಿಸಿಲಿನ ಕಾವು ಒಂದು ಮಟ್ಟಕ್ಕೆ ಇಳಿಯುವವರೆಗೆ ವೈಶಾಖ ಮುಗಿಯುವುದಿಲ್ಲ. ಜ್ಯೇಷ್ಠ ಕಾಯುತ್ತಾ ನಿಂತಿರುತ್ತದೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು. ನಾವು ದಿನವೂ ಆಡುವ ಎಷ್ಟೋ ಪದಗಳು ನೀವಿರುವಾಗ ಹುಟ್ಟಿರಲಿಲ್ಲ. ಕ್ಷಮಿಸಬೇಕು. ಆದಷ್ಟು ಬಿಡಿಸಿ ಹೇಳುತ್ತೇನೆ.

ಪೆಟ್ರೋಲಿನಿಂದ ಓಡುತ್ತಿದ್ದ ಹಳೆಯ ಕಾರುಗಳನ್ನು ಪರೀಕ್ಷಿಸಿ ಬೆಲೆ ಕಟ್ಟುವುದು ನನ್ನ ಕಸುಬಾಗಿತ್ತು. ನಿಮ್ಮ 1970ರ ಅಮೆರಿಕದ ಮಸಲ್ ಕಾರು, ಭಾರೀ ಎಂಜಿನ್ನಿನದು, ಕಡುಗೆಂಪು ಬಣ್ಣದ್ದು, ಬಾನೆಟ್ಟಿನ ಮೇಲೆ ಎರಡು ಕಪ್ಪು ಪಟ್ಟಿ ಇರುವುದು, ಹೋದ ಮಾಘದಲ್ಲಿ ನನ್ನ ಮುಂದೆ ಬಂತು. ಅದರ ಕಾಗದಪತ್ರಗಳ ನಡುವೆ ನೀವು 2026ರಲ್ಲಿ ಅದನ್ನು ಕೊಂಡಾಗಿನ ರಸೀದಿ ಇತ್ತು. ರಸೀದಿಯ ಹಿಂಬದಿಯಲ್ಲಿ ನೀವು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದೀರಿ: "ಈ ಕಾರುಗಳ ರೇಟು ಮುಂದೆ ಎಲ್ಲಿಗೆ ಹೋದೀತು? ಬಲ್ಲವರನ್ನು ಕೇಳಬೇಕು." ನೀವು ಯಾರನ್ನು ಕೇಳಿದಿರೋ, ಅವರು ಏನು ಹೇಳಿದರೋ ನನಗೆ ತಿಳಿಯದು. ನನಗೆ ಗೊತ್ತಿರುವ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಿಮ್ಮ ಕಣ್ಣೆದುರೇ ಬೆಲೆ ಏರುತ್ತದೆ. ಹುಡುಗರಾಗಿದ್ದಾಗ ಗೋಡೆಗೆ ಇಂಥ ಕಾರಿನ ಚಿತ್ರ ಅಂಟಿಸಿಕೊಂಡು ಕನಸು ಕಂಡವರ ಕೈಗೆ ಐವತ್ತರ ವಯಸ್ಸಿನಲ್ಲಿ ದುಡ್ಡು ಬಂದಿರುತ್ತದೆ, ಅವರೇ ಏರಿಸುತ್ತಾರೆ. ಆಮೇಲೆ ಅವರು ಮುದುಕರಾಗುತ್ತಾರೆ, ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಾರೆ. ಅವರ ಮಕ್ಕಳಿಗೆ ಆ ಕನಸು ಬಿದ್ದಿರುವುದಿಲ್ಲ. ಪೆಟ್ರೋಲ್ ಬಂಕುಗಳು ಮುಚ್ಚುತ್ತವೆ. ಒಂದು ಕಾಲದಲ್ಲಿ ಈ ಕಾರುಗಳನ್ನು ಗುಜರಿಯವರು ತೂಕಕ್ಕೆ ಹಾಕಿ ಒಯ್ದರು. ನಿಮ್ಮ ಮಗ ನಿಮ್ಮ ಮಾತಿಗೆ ಕಟ್ಟುಬಿದ್ದು ಮಾರಲಿಲ್ಲ. ಅದಾಗಿ ಮೂವತ್ತು ವರ್ಷಕ್ಕೆ, ಇಡೀ ಲೋಕದಲ್ಲಿ ಕೆಲವೇ ಉಳಿದಿವೆ ಎಂದು ಗೊತ್ತಾದಾಗ, ಬೆಲೆ ಮತ್ತೆ ಎದ್ದಿತು. ಈಗ ಅದು ಎಲ್ಲಿದೆ ಎಂದರೆ, ಒಂದು ಕಾರು ಮಾರಿದರೆ ಎರಡು ಸಂಸಾರಕ್ಕೆ ತಂಪೂರಿನಲ್ಲಿ ಮನೆ ಸಿಗುತ್ತದೆ.

ತಂಪೂರು ಎಂದರೆ ಗುಡ್ಡದ ಮೇಲಿನ ಊರು. ನಮ್ಮ ಬಯಲುಸೀಮೆಯಲ್ಲಿ ವೈಶಾಖ ಪೂರ್ತಿ ಬೆಳಗಿನ ಒಂಬತ್ತಕ್ಕೆ ಬಾಗಿಲು ಹಾಕಿಕೊಂಡು ನೆಲಮನೆಗೆ ಇಳಿದುಬಿಡುತ್ತೇವೆ. ಅಡುಗೆ, ಶಾಲೆ, ಅಂಗಡಿ ಎಲ್ಲವೂ ಬೆಳಕು ಹರಿಯುವ ಮೊದಲಿನ ಮೂರು ತಾಸಿನಲ್ಲಿ. ಗಟ್ಟಿಮುಟ್ಟಾದವರು ಹೇಗೋ ನೂಕುತ್ತಾರೆ. ಎದೆಯಲ್ಲಿ ಬಲವಿಲ್ಲದವರು ಗುಡ್ಡಕ್ಕೆ ಹೋಗಬೇಕು, ಆದರೆ ಅಲ್ಲಿ ಜಾಗಕ್ಕೆ ಚಿನ್ನದ ಬೆಲೆ. ರಸ್ತೆಯಲ್ಲಿ ಓಡುವುದೆಲ್ಲ ಸುಮ್ಮನಗಾಡಿ, ಎಂದರೆ ಸದ್ದಿಲ್ಲದ ಗಾಡಿ. ಪೆಟ್ರೋಲ್ ಕಾರು ಇಟ್ಟುಕೊಂಡವರಿಗೆ ವರ್ಷಕ್ಕೆ ಆರು ಲೀಟರ್ ಕೊಡುತ್ತಾರೆ. ಅದಕ್ಕೆ ಹೊಗೆಪಾಲು ಎನ್ನುತ್ತೇವೆ. ಕಾರಿನ ಬೆಲೆಯೆಲ್ಲ ನಿಂತಿರುವುದು ಹುಟ್ಟೆಂಜಿನ್ನಿನ ಮೇಲೆ. ಕಾರ್ಖಾನೆಯಲ್ಲಿ ಆ ಕಾರಿಗೆಂದೇ ಕೂಡಿಸಿದ, ಕಾರಿನ ಸಂಖ್ಯೆಗೆ ಹೊಂದುವ ಸಂಖ್ಯೆ ಹೊತ್ತ ಎಂಜಿನ್ ಅದು. ಅದು ಇದೆ ಎಂದು ನಾನು ಮುದ್ರೆ ಒತ್ತಿದರೆ ಕಾರು ಅರಮನೆ. ಇಲ್ಲ ಎಂದರೆ ಕಬ್ಬಿಣ.

ನನ್ನನ್ನು ಕರೆಸಿದವರು ನಿಮ್ಮ ಮರಿಮಗ ಎರ್ರಿಸ್ವಾಮಿ. ಅವರಿಗೆ ಎಪ್ಪತ್ಮೂರು. ಮದುವೆಯಾಗದ ಅಕ್ಕ ಹಂಪವ್ವನಿಗೆ ಎಪ್ಪತ್ತೇಳು. ಇಬ್ಬರೇ ಇದ್ದರು. ಹಂಪವ್ವನ ಹೃದಯ ಸೋತಿತ್ತು. ಇನ್ನೊಂದು ವೈಶಾಖ ಇಲ್ಲಿ ತಡೆಯುವುದಿಲ್ಲ ಎಂದು ವೈದ್ಯರು ಹೇಳಿಬಿಟ್ಟಿದ್ದರು. ನಾಲ್ಕು ತಲೆಮಾರು ಕಾಯ್ದ ಕಾರನ್ನು ಮಾರಿ ಅಕ್ಕನನ್ನು ತಂಪೂರಿಗೆ ಕರೆದೊಯ್ಯುವುದೆಂದು ಎರ್ರಿಸ್ವಾಮಿ ನಿಶ್ಚಯಿಸಿದ್ದರು. ಕಡಲಾಚೆಯ ಸಂಗ್ರಹಾಲಯವೊಂದು ಕೊಳ್ಳಲು ಒಪ್ಪಿತ್ತು. ನನ್ನ ಮುದ್ರೆಯೊಂದು ಬಾಕಿ.

ಮಾಘದ ಒಂದು ಮುಂಜಾನೆ ನಾನು ಕಾರಿನ ಕೆಳಗೆ ಮಲಗಿ, ಎಂಜಿನ್ನಿನ ಮೇಲಿನ ಸಂಖ್ಯೆಗೆ ದೀಪ ಹಿಡಿದೆ. ಅಂಕಿಗಳೆಲ್ಲ ಹೊಂದಿದವು. ಆದರೆ ಅದರಲ್ಲಿದ್ದ ಎರಡು ನಾಲ್ಕುಗಳ ಕಾಲೂ ಒಂದೇ ಕಡೆ ಚೂರು ಮುರಿದಿತ್ತು. ಆ ನಾಲ್ಕನ್ನು ನಾನು ಅಂಬೆಗಾಲಿಡುವಾಗಿನಿಂದ ಬಲ್ಲೆ. ನನ್ನ ಅಪ್ಪ ಮೌನೇಶ ಬಡಿಗೇರ ಈ ಸೀಮೆಯ ಕೊನೆಯ ಎಂಜಿನ್ ಮೇಸ್ತ್ರಿ. ಕಬ್ಬಿಣದ ಮೇಲೆ ಅಂಕಿ ಒತ್ತುವ ಅವರ ಉಕ್ಕಿನ ಪಂಚುಗಳನ್ನು ಹಸಿಮಣ್ಣಿಗೆ ಒತ್ತಿ ಒತ್ತಿಯೇ ನಾನು ಎಣಿಸಲು ಕಲಿತವಳು. ಅವು ಈಗಲೂ ನನ್ನ ಪೆಟ್ಟಿಗೆಯಲ್ಲಿವೆ. ಮನೆಗೆ ಹೋಗಿ ಸೀಸದ ತಗಡಿನ ಮೇಲೆ ನಾಲ್ಕನ್ನು ಒತ್ತಿ ನೋಡಿದೆ. ಅದೇ ಮುರುಕು. ಆ ಸಂಖ್ಯೆ ಒತ್ತಿದ್ದು ಕಾರ್ಖಾನೆಯವರಲ್ಲ, ನನ್ನ ಅಪ್ಪ.

ಆಗ ಒಂದೊಂದೇ ನೆನಪಾಯಿತು. ನನಗೆ ಹದಿನಾರು ವರ್ಷವಾಗಿದ್ದಾಗ ನಿಮ್ಮ ಮೊಮ್ಮಗ ಹುಲಿಗೆಪ್ಪನವರು ಅಪ್ಪನನ್ನು ಕರೆಸಿದ್ದರು. ಬೆಲೆ ಮತ್ತೆ ಏರುತ್ತಿದ್ದ ಕಾಲ ಅದು. ಅಪ್ಪ ಒಂದು ತಿಂಗಳು ಕಾರು ನಿಂತಿದ್ದ ಶೆಡ್ಡಿನಲ್ಲೇ ಬಾಗಿಲು ಹಾಕಿಕೊಂಡು ಕೆಲಸ ಮಾಡಿದರು. ಆಮೇಲೆ ನಮ್ಮ ಹಿತ್ತಲಿಗೆ ಒಂದು ದೊಡ್ಡ ಎಂಜಿನ್ ಬಂದು ಬಿತ್ತು. ಅದರ ಸಂಖ್ಯೆಯನ್ನು ಗ್ರೈಂಡರ್ ಹಿಡಿದು ಅಳಿಸಲಾಗಿತ್ತು. ಸಿಲಿಂಡರಿನೊಳಗೆ ಪಿಸ್ಟನ್ನುಗಳು ತುಕ್ಕು ಹಿಡಿದು ಬೆಸೆದುಕೊಂಡಿದ್ದವು. "ಇದನ್ನ ಯಾಕಪ್ಪಾ ಸರಿ ಮಾಡ್ಲಿಲ್ಲ?" ಎಂದು ನಾನು ಕೇಳಿದ್ದೆ. "ಅರವತ್ತು ವರ್ಷ ಒಂದು ಸುತ್ತೂ ತಿರುಗಿಸಿಲ್ಲವ್ವ. ಎಣ್ಣಿ ಒಣಗಿ ಒಳಗೇ ಸತ್ತೈತಿ," ಎಂದಿದ್ದರು. ಅದು ಯಾವ ಕಾರಿನದೆಂದು ಅವರು ಹೇಳಲಿಲ್ಲ. ನಿಮ್ಮ ಕಾರಿನ ಹುಟ್ಟೆಂಜಿನ್ ಅದೇ ಎಂದು ನನಗೆ ಹೊಳೆದದ್ದು ಈಗ. ಅವ್ವ ಅದರ ಮೇಲೆ ಹುಣಸೆಹಣ್ಣು ಒಣಗಿಸುತ್ತಿದ್ದಳು.

ಮೂರು ದಿನ ನಾನು ಯಾರಿಗೂ ಬಾಯಿ ಬಿಡಲಿಲ್ಲ. ಮುದ್ರೆ ಒತ್ತಿದರೆ ಅಪ್ಪನ ಹೆಸರು ಉಳಿಯುತ್ತದೆ, ಒಂದು ಜೀವವೂ ಉಳಿಯುತ್ತದೆ. ಆ ನಾಲ್ಕನ್ನು ಗುರುತು ಹಿಡಿಯುವವರು ಈ ಭೂಮಿಯ ಮೇಲೆ ನನ್ನನ್ನು ಬಿಟ್ಟು ಇನ್ನೊಬ್ಬರಿಲ್ಲ. ಆದರೆ ನನ್ನ ಕಸುಬಿನಲ್ಲಿ ಇರುವುದೇ ಒಂದು ಮಾತು. ಅದನ್ನು ನಂಬಿ ಜನ ತಮ್ಮ ಬಾಳಿನ ಗಳಿಕೆ ತಂದು ಸುರಿಯುತ್ತಾರೆ. ನಾಲ್ಕನೆಯ ದಿನ ಹೋಗಿ ಅಕ್ಕ ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ.

ಎರ್ರಿಸ್ವಾಮಿ ಕೇಳಿದರು: "ಇದು ಇನ್ಯಾರಿಗಾದ್ರೂ ಕಾಣಸ್ತೈತೇನು?"

"ಇಲ್ರೀ."

"ಮತ್ತ?"

"ನನಗ ಕಂಡೈತಲ್ರೀ."

ಅವರು ಎದ್ದು ನಿಂತರು. "ನಿಮ್ಮಪ್ಪ ಮಾಡಿದ ಕೆಲಸಕ್ಕ ನಮ್ಮಕ್ಕ ಸಾಯಬೇಕೇನು? ಹೇಳು ತಾಯಿ."

ಹಂಪವ್ವ ತಮ್ಮನ ಕೈ ಹಿಡಿದು ಕೂರಿಸಿದಳು. ನನ್ನನ್ನು ಒಳ್ಳೆಯವಳು ಎನ್ನಲಿಲ್ಲ, ಕೆಟ್ಟವಳು ಎಂದೂ ಅನ್ನಲಿಲ್ಲ. "ನೀ ಏನು ಬರೀತೀಯೋ ಅದು ನಿನಗ ಬಿಟ್ಟಿದ್ದು," ಎಂದಷ್ಟೇ ಹೇಳಿ ಒಳಗೆ ಹೋದಳು.

ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ. ಸಂಗ್ರಹಾಲಯದವರು ಒಂದು ಸಾಲಿನ ಪತ್ರ ಕಳಿಸಿ ಹಿಂದೆ ಸರಿದರು. ಅಪ್ಪ ಕೈಯಾಡಿಸಿದ ಇನ್ನೂ ಒಂಬತ್ತು ಕಾರುಗಳನ್ನು ಹುಡುಕಿ ನೋಡಿದೆ. ಐದು ಕಾರುಗಳಲ್ಲಿ ಅದೇ ಮುರುಕು ನಾಲ್ಕು ಇತ್ತು. ಅವನ್ನೂ ಬರೆದೆ. ಅವುಗಳ ಮಾಲೀಕರು ಈಗ ನನ್ನ ಓಣಿಯಲ್ಲಿ ಹಾದರೂ ಮುಖ ತಿರುಗಿಸುತ್ತಾರೆ. ಕೆಲವಕ್ಕೆ ಅಪ್ಪನ ಮಾತು ನಂಬಿ, ದೀಪ ಹಿಡಿದು ನೋಡದೆ ಮುದ್ರೆ ಒತ್ತಿದವಳು ನಾನೇ ಆಗಿದ್ದರಿಂದ ಮುದ್ರೆಯನ್ನು ಕೊಟ್ಟವರಿಗೇ ಹಿಂದಿರುಗಿಸಿದೆ. ಹಾಗಾಗಿ ಈ ಪತ್ರಕ್ಕೆ ನನ್ನ ಹೆಸರು ಮಾತ್ರ ಇದೆ.

ಸಂಗ್ರಹಾಲಯದ ಪತ್ರ ಬಂದು ಹತ್ತು ದಿನ ಕಳೆದ ಮೇಲೆ ಹಂಪವ್ವ ನನಗೆ ಹೇಳಿಕಳಿಸಿದಳು. ಹೋದರೆ ಶೆಡ್ಡಿನ ಬಾಗಿಲು ತೆರೆದಿತ್ತು. ಅವಳು ಇಳಕಲ್ ಸೀರೆ ಉಟ್ಟು ಕಾರಿನ ಪಕ್ಕ ನಿಂತಿದ್ದಳು.

"ಇದಕ್ಕ ಈಗ ಯಾವ ಬೆಲೆನೂ ಇಲ್ಲ, ಹೌದಿಲ್ಲೋ?" ಎಂದಳು.

"ಹೌದವ್ವ."

"ಹಂಗಾದ್ರ ಕದ ತೆಗಿ, ಒಳಗ ಕುಂದರ್ತೀನಿ. ಒಂಬತ್ತು ವರ್ಷದಾಕಿ ಇದ್ದಾಗ ಒಮ್ಮೆ ಕುಂತಿದ್ದೆ. ನಮ್ಮಪ್ಪ ರಟ್ಟೆ ಹಿಡಿದು ಎಳೆದು ಹೊರಗ ಹಾಕಿದ. ಸೀಟು ಹೊಲಸಾದ್ರ ರೇಟು ಇಳೀತೈತಂತ."

ಕೊಳ್ಳುವವರಿಗೆ ಓಡಿಸಿ ತೋರಿಸಲೆಂದು ಇಟ್ಟಿದ್ದ ಆ ವರ್ಷದ ಹೊಗೆಪಾಲನ್ನು ಟ್ಯಾಂಕಿಗೆ ಸುರಿದೆ. ಅಪ್ಪ ಹೇಳಿಹೋದಂತೆ ಮನೆಯವರು ಈ ಎಂಜಿನ್ನನ್ನು ತಿಂಗಳಿಗೊಮ್ಮೆ ಕೈಯಿಂದ ತಿರುಗಿಸುತ್ತಿದ್ದುದರಿಂದ ಅದು ಇನ್ನೂ ಜೀವಂತವಿತ್ತು. ಗೇರು ಹಾಕಲು ಬರುತ್ತಿದ್ದವಳು ನಾನೊಬ್ಬಳೇ. ಎರ್ರಿಸ್ವಾಮಿ ಬರುವುದಿಲ್ಲ ಎಂದು ಜಗಲಿಯ ಮೇಲೆಯೇ ಕುಳಿತಿದ್ದವರು, ಎಂಜಿನ್ ಗುಡುಗಿದ ಕೂಡಲೇ ಎದ್ದು ಬಂದು ಹಿಂದಿನ ಸೀಟಿನಲ್ಲಿ ಹತ್ತಿ ಕುಳಿತರು. ನಾರಿಹಳ್ಳದ ಕೆರೆಯ ಕಡೆ ತಿರುಗಿಸಿದೆ. ನೀವು ಲಾರಿಗಳಲ್ಲಿ ಅದಿರು ಸಾಗಿಸಿದ ಅದೇ ರಸ್ತೆ. ಅಗೆದುಬಿಟ್ಟ ಗುಡ್ಡಗಳ ಮೇಲೆ ಈಗ ಜಾಲಿ ಬೆಳೆದಿದೆ. ಸದ್ದು ಕೇಳಿ ಜನ ಮನೆಗಳಿಂದ ಹೊರಗೆ ಬಂದರು. ಅಂಥ ಸದ್ದು ಕೇಳಿಯೇ ಇರದ ಮಕ್ಕಳು ಕೆಲವರು ಅತ್ತರು, ಕೆಲವರು ಬೆನ್ನು ಹತ್ತಿ ಓಡಿದರು. ಹಂಪವ್ವ ಕಿಟಕಿಯ ಹೊರಗೆ ಕೈ ಚಾಚಿ ಗಾಳಿಯನ್ನು ಹಿಡಿದು ನೋಡುತ್ತಿದ್ದಳು. ಪ್ರತಿ ತಿರುವಿನಲ್ಲಿ ನಾನು ನಿಧಾನಿಸಿದಾಗಲೂ ಒಂದೇ ಮಾತು: "ಇನ್ನೊಂದಿಷ್ಟು ಮುಂದಕ ಹೋಗ್ಲಿ."

ಕೆರೆಯ ಏರಿಯ ಮೇಲೆ ಪೆಟ್ರೋಲ್ ಮುಗಿದು ಕಾರು ನಿಂತಿತು. ಎರ್ರಿಸ್ವಾಮಿ ಹಿಂದಿನಿಂದ ಕೇಳಿದರು: "ಅಕ್ಕ, ನಮ್ಮ ಮುತ್ತಾತ ಇದನ್ನ ಒಮ್ಮೆನಾದ್ರೂ ಹಿಂಗ ಓಡಿಸಿದ್ದನೋ ಇಲ್ಲೋ?"

"ಒಮ್ಮೆ ಓಡಿಸಿದ್ರ ಮತ್ತ ನಿಲ್ಲಿಸಿ ಬಿಡ್ತಿದ್ದನೇನೋ ಹುಚ್ಚಪ್ಪಾ?" ಎಂದು ಹಂಪವ್ವ ನಕ್ಕಳು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡಳು. ಬಿಸಿಲೇರುವ ಮೊದಲೇ ಒಂದು ಸುಮ್ಮನಗಾಡಿ ಬಂದು ನಮ್ಮನ್ನು ಎಳೆದುಕೊಂಡು ಮನೆ ಮುಟ್ಟಿಸಿತು.

ವೈದ್ಯರು ಹೇಳಿದ್ದು ಸುಳ್ಳಾಗಲಿಲ್ಲ. ಈ ವೈಶಾಖದ ಇಪ್ಪತ್ತಾರನೆಯ ದಿನ, ಮಧ್ಯಾಹ್ನ, ನೆಲಮನೆಯಲ್ಲಿ ಹಂಪವ್ವ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಲೆ ಎರ್ರಿಸ್ವಾಮಿ ನನ್ನನ್ನು ಕರೆದು ಊಟಕ್ಕೆ ಕೂರಿಸಿದರು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಗಾದಿಲಿಂಗಪ್ಪನವರೇ, ಇದರಲ್ಲಿ ನನ್ನ ಅಪ್ಪನ ತಪ್ಪಿದೆ, ಹುಲಿಗೆಪ್ಪನವರ ತಪ್ಪಿದೆ, ನನ್ನದು ಎಷ್ಟು ಎಂದು ನಾನು ಇನ್ನೂ ತೂಗುತ್ತಿದ್ದೇನೆ. ಆದರೆ ಆ ಎಂಜಿನ್ ಸತ್ತದ್ದು ಅದನ್ನು ಯಾರೂ ತಿರುಗಿಸಲಿಲ್ಲ ಎಂಬ ಒಂದೇ ಕಾರಣಕ್ಕೆ. ಕಡಿಮೆ ಓಡಿದಷ್ಟೂ ಬೆಲೆ ಹೆಚ್ಚು ಎಂದು ನಿಮಗೆ ಯಾರೋ ಹೇಳಿರುತ್ತಾರೆ. ನೀವು ಚಕ್ರಗಳನ್ನು ಎತ್ತಿ ಮರದ ದಿಮ್ಮಿಯ ಮೇಲೆ ನಿಲ್ಲಿಸಿರುತ್ತೀರಿ. ನಿಮ್ಮ ಮಗ, ಮೊಮ್ಮಗ ಹಾಗೆಯೇ ಬಿಟ್ಟರು. ಹುಟ್ಟೆಂಜಿನ್ ಬದುಕಿದ್ದರೆ ನಾನು ಕಣ್ಣು ಮುಚ್ಚಿ ಮುದ್ರೆ ಒತ್ತುತ್ತಿದ್ದೆ, ಹಂಪವ್ವ ಇಷ್ಟು ಹೊತ್ತಿಗೆ ಗುಡ್ಡದ ಮೇಲೆ ಕಂಬಳಿ ಹೊದ್ದು ಕೂತಿರುತ್ತಿದ್ದಳು.

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ಬೆಲೆ ಏರುತ್ತದೆ, ಆ ಬಗ್ಗೆ ನಿಶ್ಚಿಂತರಾಗಿರಿ. ವಾರಕ್ಕೊಮ್ಮೆ ಕಾರನ್ನು ಹೊರಗೆ ತೆಗೆಯಿರಿ. ಹೊಸಪೇಟೆಗೆ ಹೋಗಿ, ಮದುವೆಗೆ ಹೋಗಿ, ಸುಮ್ಮನೆ ತಿರುಗಾಡಿ. ಎಣ್ಣೆ ಬದಲಿಸಿ. ಮಕ್ಕಳನ್ನು ಕೂರಿಸಿಕೊಳ್ಳಿ, ಸೀಟು ಹರಿದರೆ ಹೊಲಿಸಿ. ನಿಮ್ಮ ಮಗನಿಗೆ ಓಡಿಸಲು ಕಲಿಸಿ, ಅವನು ಅವನ ಮಗನಿಗೆ ಕಲಿಸಲಿ. ನೀವು ಹೀಗೆ ಮಾಡಿದರೆ ಹುಲಿಗೆಪ್ಪನವರು ನನ್ನ ಅಪ್ಪನನ್ನು ಕರೆಸುವುದಿಲ್ಲ. ಈ ಪತ್ರ ಬರೆಯುವ ಸಂದರ್ಭವೇ ನನಗೆ ಬರುವುದಿಲ್ಲ, ನಾನು ಎಂಬವಳೊಬ್ಬಳು ಇದ್ದೆ ಎಂದು ನಿಮ್ಮ ಮನೆಯವರಿಗೆ ತಿಳಿಯುವುದೂ ಇಲ್ಲ.

ಹಾಗೇ ಆಗಲಿ.

ಕಾಳಮ್ಮ ಬಡಿಗೇರ