ಯಾವ ತಡ್ಕೋ, ಅಣ್ಣ?

ಪ್ರೀತಿಯ ಅಣ್ಣನಿಗೆ,

ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಅಲ್ಲೇ ಉತ್ತರ ಕೊಡಲಿಲ್ಲ ಅಂತ ನಿನಗೆ ಸಿಟ್ಟು ಬಂದಿದೆ, ಗೊತ್ತು. "ಕುಡಿಯೋರ ಲೆಕ್ಕ ಹಾಕೋದೇ ನಿನ್ನ ಕೆಲಸ ಅಲ್ವೇನೇ? ನಾನೀಗ ಬಿಟ್ಟಿದ್ದೀನಿ. ಮತ್ತೆ ಶುರು ಮಾಡ್ತೀನೋ ಇಲ್ವೋ ಹೇಳಿಬಿಡು. ಮಾಡ್ತೀನಿ ಅಂತ ನಿನ್ನ ಲೆಕ್ಕದಲ್ಲಿ ಬಂದ್ರೆ ಪಿಟೀಲಿಗೆ ಬರಬೇಡ ಅಂದ್ಬಿಡ್ತೀನಿ" ಅಂದೆ. ನಾಳೆ ಮಳೆ ಬರುತ್ತಾ ಅಂತ ಕೇಳಿದ ಹಾಗಿತ್ತು! ಹುಟ್ಟಿದ ದಿನದಿಂದ ಕುಂಯ್ಯೋ ಅಂತ ಅತ್ತು ಪಿಟೀಲು ಅಂತ ಹೆಸರು ಗಿಟ್ಟಿಸಿಕೊಂಡ ನಿನ್ನ ಮಗಳು, ಇಷ್ಟು ವರ್ಷ ಅಮ್ಮನ ಜೊತೆ ಇದ್ದವಳು, ಈಗ ತಾನಾಗಿಯೇ ಅಪ್ಪನ ಮನೆಯಲ್ಲಿ ಇರ್ತೀನಿ ಅಂದಿದ್ದಾಳೆ. ಅವಳಮ್ಮನೂ ಹೂಂ ಅಂದಿದ್ದಾಳೆ. ನೀನು ಮಾತ್ರ ನನ್ನ ಕಂಪ್ಯೂಟರಿನ ಕಡೆ ಕೈ ತೋರಿಸುತ್ತಿದ್ದೀಯ. ಒಳ್ಳೆ ಆಸಾಮಿ ಕಣೋ ನೀನು.

ನನ್ನ ಕೆಲಸದ ಬಗ್ಗೆ ಹೇಳಲು ಬಾಯಿ ತೆರೆದಾಗಲೆಲ್ಲ ಆಕಳಿಸಿದವನು ನೀನು. ಕಾಗದದ ಮೇಲೆ ಆಕಳಿಸಿದರೆ ನನಗೇನು ಕಾಣುವುದಿಲ್ಲ, ಆದ್ದರಿಂದ ಈಗ ಪೂರ್ತಿ ಹೇಳುತ್ತೇನೆ. ಮನಸ್ಸು ಕೆಟ್ಟಾಗ ಜನ ಅದನ್ನು ಹೇಗೆ ಸಂಭಾಳಿಸುತ್ತಾರೆ, ಅದಕ್ಕೂ ಕುಡಿತಕ್ಕೂ ಏನು ನಂಟು ಅಂತ ನೋಡುವುದು ನಮ್ಮ ಕೆಲಸ. ಒಪ್ಪಿಕೊಂಡವರ ಫೋನಿಗೆ ದಿನಕ್ಕೆ ಕೆಲವು ಸಲ ಪುಟ್ಟ ಪ್ರಶ್ನೆಗಳು ಹೋಗುತ್ತವೆ. ಈಗ ಮನಸ್ಸು ಹೇಗಿದೆ? ಬೇಸರವಾದಾಗ ಏನು ಮಾಡಿದಿರಿ? ಕುಡಿದಿರಾ, ಎಷ್ಟು? ಆ ಉತ್ತರಗಳೆಲ್ಲ ಅಂಕಿಗಳಾಗಿ ನನ್ನ ಮೇಜಿಗೆ ಬರುತ್ತವೆ. ಯಾರದು ಅಂತ ನನಗೆ ಗೊತ್ತಿರುವುದಿಲ್ಲ. ಯಾವುದು ಹೆಚ್ಚಾದಾಗ ಯಾವುದು ಹೆಚ್ಚುತ್ತದೆ ಅಂತ ಗೆರೆ ಎಳೆದು ನೋಡುತ್ತಾ ಕೂರುತ್ತೇನೆ.

ಅದರಲ್ಲೊಂದು ಪ್ರಶ್ನೆ ನನ್ನ ತಲೆ ತಿಂದುಬಿಟ್ಟಿತು. "ಬೇಸರವಾದಾಗ ತಡೆದುಕೊಂಡೆ" ಅನ್ನುವುದಕ್ಕೆ ಹೌದು ಅಥವಾ ಇಲ್ಲ ಅನ್ನಬೇಕು. ತಡೆದುಕೊಂಡ ದಿನ ಜನ ಕಡಿಮೆ ಕುಡಿಯಬೇಕಲ್ಲವಾ? ಹಾಗಾಗಲಿಲ್ಲ. ಹೆಚ್ಚೂ ಕುಡಿಯಲಿಲ್ಲ. ಹೇಗೆ ತಿರುಗಿಸಿ ಮುರುಗಿಸಿ ನೋಡಿದರೂ ಗೆರೆ ಅಡ್ಡಡ್ಡ ಮಲಗಿತ್ತು. "ನಂಟಿಲ್ಲ ಅಂತ ಬರೆದು ಕೈ ತೊಳ್ಕೊಳ್ಳಿ" ಅಂದರು ಈ ಅಧ್ಯಯನ ನಡೆಸುವ ನಮ್ಮ ಮೇಷ್ಟ್ರು. ನಾನು ಕೈ ತೊಳೆದುಕೊಳ್ಳುವ ಪೈಕಿಯಾ? ಚಿಕ್ಕಂದಿನಲ್ಲಿ ನಿನ್ನ ಕೈಗಡಿಯಾರ ಯಾಕೆ ಟಿಕ್ ಅನ್ನುತ್ತೆ ಅಂತ ಬಿಚ್ಚಿಟ್ಟವಳು ನಾನು.

ಆಮೇಲೆ ಏನಾಯಿತು ಕೇಳು. ಆ ಪ್ರಶ್ನೆಯನ್ನು ಬರೆದ ಗೆಳತಿಗೆ ಹಲ್ಲುನೋವು. ಊಟದ ಹೊತ್ತಿನಲ್ಲಿ ದವಡೆಗೆ ಕೈ ಕೊಟ್ಟುಕೊಂಡು, "ಹೇಗೋ ತಡ್ಕೊಂಡಿದ್ದೀನಿ ಮಾರಾಯ್ತಿ" ಅನ್ನುತ್ತಿದ್ದಳು. ಅಷ್ಟರಲ್ಲಿ ಕಾರಿಡಾರಿನಲ್ಲಿ ಮೇಷ್ಟ್ರು ಲಿಫ್ಟಿನ ಕಡೆ ಓಡುತ್ತಾ, "ಒಂದ್ನಿಮಿಷ ತಡ್ಕೊಳ್ರೀ, ನಾನೂ ಬರ್ತೀನಿ!" ಅಂತ ಕೂಗಿದರು. ನನ್ನ ತುತ್ತು ಬಾಯಿಯಲ್ಲೇ ಉಳಿಯಿತು. ಅಯ್ಯೋ ದೇವರೇ, ಒಂದೇ ಮಾತು! ಒಬ್ಬಳು ನೋವನ್ನು ಹಲ್ಲು ಕಚ್ಚಿ ಒಳಗಿಟ್ಟುಕೊಂಡಿದ್ದಾಳೆ, ಇನ್ನೊಬ್ಬರು ಸ್ವಲ್ಪ ಕಾಯಿರಿ ಅನ್ನುತ್ತಿದ್ದಾರೆ.

ಪ್ರಶ್ನೆಗೆ ಹೌದು ಅಂದವರ ಫೋನಿಗೇ ಮತ್ತೆ ಕೇಳಿ ಕಳಿಸಿದೆವು, ತಡೆದುಕೊಂಡೆ ಅಂದರೆ ಏನು ಮಾಡಿದಿರಿ ಅಂತ. "ಏನ್ಮಾಡೋದು, ಮುಖ ತೋರಿಸ್ದೆ ನುಂಗ್ಕೊಂಡೆ" ಅಂದರು ಕೆಲವರು. ಇನ್ನು ಕೆಲವರು, "ಕುಡಿಬೇಕು ಅನ್ನಿಸ್ತು, ಸ್ವಲ್ಪ ಹೊತ್ತು ಬಿಟ್ಟು ನೋಡೋಣ ಅಂತ ಹೊರಗೆ ನಿಂತೆ, ಅಕ್ಕಂಗೆ ಫೋನ್ ಮಾಡ್ದೆ" ಅಂದರು. ಎರಡೂ ಗುಂಪನ್ನು ಬೇರೆ ಮಾಡಿ ಗೆರೆ ಎಳೆದೆ ನೋಡು, ಮಲಗಿದ್ದ ಗೆರೆ ಎರಡಾಗಿ ಎದ್ದು ನಿಂತಿತು. ನುಂಗಿಕೊಂಡವರ ಕುಡಿತದ ಗೆರೆ ಮೇಲೆ ಹೋಯಿತು, ಕಾದು ನೋಡಿದವರದು ಕೆಳಗಿಳಿಯಿತು. ಎರಡನ್ನೂ ಕಲಸಿದ್ದರಿಂದ ಒಂದನ್ನೊಂದು ಅಳಿಸಿ ಹಾಕಿದ್ದವು. ನುಂಗಿಕೊಂಡಿದ್ದಕ್ಕೇ ಕುಡಿದರಾ, ಕುಡಿಯುವ ಜನವೇ ಹೆಚ್ಚು ನುಂಗಿಕೊಳ್ಳುತ್ತಾರಾ, ಅದು ಇನ್ನೂ ನನಗೆ ಗೊತ್ತಿಲ್ಲ. ಆದರೂ ಅವತ್ತು ಖುಷಿಗೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿಬಿಟ್ಟೆ.

ತಿರುಗಿ ನಿಂತ ಮೇಲೆ ನೀನು ನೆನಪಾದೆ.

ಅಪ್ಪ ಹೋದ ದಿನ ಮನೆಗೆ ಬಂದವರೆಲ್ಲ ನಿನ್ನ ಭುಜ ತಟ್ಟಿ, "ತಡ್ಕೋಪ್ಪಾ, ನೀನೇ ಹಿಂಗಾದ್ರೆ ಅಮ್ಮನ ಗತಿ ಏನು" ಅಂದರು. ನೀನು ತಡೆದುಕೊಂಡೆ. ಕುರ್ಚಿ ಜೋಡಿಸಿದೆ, ಬಂದವರಿಗೆ ನೀರು ಕೊಟ್ಟೆ, ನನ್ನ ಮೂಗು ಒರೆಸಿದೆ. ನಿನ್ನ ಕಣ್ಣಲ್ಲಿ ಒಂದು ಹನಿ ಇಲ್ಲ. ಎಂಥ ಗಟ್ಟಿ ಹುಡುಗ ಅಂತ ದೊಡ್ಡಮ್ಮ ಹೊಗಳಿದ್ದೇ ಹೊಗಳಿದ್ದು. ನನಗಂತೂ ಅವತ್ತು ನಿನ್ನ ಮುಖ ನೋಡಿದರೆ ಭಯವಾಗುತ್ತಿತ್ತು, ಅಣ್ಣ.

ಇನ್ನೊಂದು ಸಲ ನಾನು ನಿನ್ನ ಜೊತೆ ಲಿಫ್ಟ್ ರಿಪೇರಿಯ ಕೆಲಸಕ್ಕೆ ಬಂದಿದ್ದೆ. ಯಾವುದೋ ಕಟ್ಟಡದ ಲಿಫ್ಟು ಎರಡು ಅಂತಸ್ತಿನ ನಡುವೆ ಸಿಕ್ಕಿಕೊಂಡು ಒಳಗೊಬ್ಬ ಹೆಂಗಸು ಬಾಗಿಲು ಬಡಿಯುತ್ತಿದ್ದಳು. ನೀನು ಉಪಕರಣದ ಚೀಲ ಬಿಚ್ಚುವ ಮೊದಲು ಬಾಗಿಲ ಸಂದಿಗೆ ಬಾಯಿಟ್ಟು, "ಸ್ವಲ್ಪ ತಡ್ಕೊಳ್ಳಿ ಅಮ್ಮಾ, ನಾನಿಲ್ಲೇ ಇದ್ದೀನಿ. ಮಾತಾಡ್ತಾ ಇರಿ. ಏನು ಕೆಲಸ ಮಾಡ್ತೀರಾ ನೀವು?" ಅಂದೆ. ಅವಳು ಬಡಿಯುವುದನ್ನು ಬಿಟ್ಟು ತನ್ನ ಬ್ಯಾಂಕಿನ ಮ್ಯಾನೇಜರನ್ನು ಬೈಯಲು ಶುರುಮಾಡಿದಳು. ನೀನು ಹೂಂಗುಟ್ಟುತ್ತಾ ಲಿಫ್ಟಿನ ಬ್ರೇಕು ಸಡಿಲಿಸಿ ಅದನ್ನು ಕೆಳಗಿಳಿಸಿದೆ. ಊರಿಗೆಲ್ಲ ಈ ತಡ್ಕೋ ಹಂಚುತ್ತೀಯ, ನಿನಗೆ ಮಾತ್ರ ಆ ಇನ್ನೊಂದನ್ನೇ ಇಟ್ಟುಕೊಂಡಿದ್ದೀಯಲ್ಲೋ, ಯಾಕೆ?

ಪೂರ್ತಿ ಇಟ್ಟುಕೊಂಡಿಲ್ಲ ಅನ್ನು. ಹೋದ ತಿಂಗಳು ಒಂದು ಸಂಜೆ ಫೋನ್ ಮಾಡಿ, "ಏನಡುಗೆ?" ಅಂದೆ. ಜನ್ಮದಲ್ಲಿ ನನ್ನ ಅಡುಗೆ ವಿಚಾರಿಸಿದವನಲ್ಲ ನೀನು. ಹುರುಳಿಕಾಯಿಯಿಂದ ಹಿಡಿದು ಪಕ್ಕದ ಮನೆ ಬೆಕ್ಕಿನವರೆಗೆ ಮಾತಾಡಿ, "ಸರಿ, ಮನೆ ಬಂತು" ಅಂತ ಇಟ್ಟೆ. ಹಿಂದೆ ಬಸ್ಸಿನ ಹಾರನ್ನು ಕೇಳುತ್ತಿತ್ತು. ನಿನ್ನ ಮಾಮೂಲಿ ಬ್ರಾಂದಿ ಅಂಗಡಿಯ ಮುಂದೆ ಹಾದುಹೋಗುವಷ್ಟು ಹೊತ್ತು ಮಾತಾಡಿದೆಯಾ? ಕೇಳಬೇಕು ಅನ್ನಿಸಿತ್ತು, ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ, ಹೇಳು.

ಇನ್ನು ನಿನ್ನ ಪ್ರಶ್ನೆ. ನನ್ನ ಲೆಕ್ಕ ಒಂದು ಗುಂಪಿನ ಬಗ್ಗೆ ಏನಾದರೂ ಹೇಳೀತು. ಒಬ್ಬ ಲಿಫ್ಟ್ ರಿಪೇರಿಯವನು ಮುಂದೆ ಏನು ಮಾಡುತ್ತಾನೆ ಅಂತ ಹೇಳಲು ಅದಕ್ಕೆ ಬರುವುದಿಲ್ಲ. ಮತ್ತೆ ಕುಡಿಯುತ್ತೀಯೋ ಇಲ್ಲವೋ, ನನಗೆ ಗೊತ್ತಿಲ್ಲ ಅಣ್ಣ. ನಿನಗೆ ಸುಳ್ಳು ಹೇಳಲಾರೆ. ಕುಡಿದುಬಿಟ್ಟರೆ ಅನ್ನುವ ಹೆದರಿಕೆ ನನಗೂ ಇದೆ.

ಆದರೆ ಒಂದು ಮಾತು. ಪಿಟೀಲಿಗೆ ಬರಬೇಡ ಅಂತ ಹೇಳಿ ಫೋನಿಟ್ಟ ಮೇಲೆ ನೀನೇನು ಮಾಡುತ್ತೀಯ? ಅವಳ ಒಳ್ಳೆಯದಕ್ಕೇ ಹೇಳಿದೆ ಅಂದುಕೊಂಡು, ಯಾರಿಗೂ ಮುಖ ತೋರಿಸದೆ, ಆ ಖಾಲಿ ಮನೆಯಲ್ಲಿ ಒಬ್ಬನೇ ಕೂತು ತಡೆದುಕೊಳ್ಳುತ್ತೀಯ. ಅದು ಮೇಲೆ ಹೋಗುವ ಗೆರೆ ಕಣೋ!

ಬರಲಿ ಬಿಡು ಅವಳು. ಬಂದ ದಿನವೇ ಕೂರಿಸಿಕೊಂಡು ಎಲ್ಲ ಹೇಳಿಬಿಡು. ನಿನ್ನನ್ನು ಕಾಯುವುದು ಅವಳ ಕೆಲಸವಲ್ಲ ಅನ್ನುವುದನ್ನೂ ಹೇಳು. ಅದಕ್ಕೆ ನಾನಿದ್ದೇನೆ. ಕುಡಿಯಬೇಕು ಅನ್ನಿಸಿದಾಗ ಫೋನ್ ಮಾಡಿ ಏನಡುಗೆ ಅಂತ ಕೇಳು. ನಾನು ಮೀಟಿಂಗಿನಲ್ಲಿದ್ದರೂ ಎದ್ದು ಹೊರಗೆ ಬಂದು, ಸ್ವಲ್ಪ ತಡ್ಕೋ ಅಣ್ಣ, ಇಲ್ಲೇ ಇದ್ದೀನಿ, ಮಾತಾಡ್ತಾ ಇರು ಅಂತೀನಿ.

ನಿನ್ನ ಮನೆಯಲ್ಲಿ ದಿನಾ ಪಿಟೀಲಿನ ಗಲಾಟೆ ಕೇಳಲಿ, ಪಕ್ಕದವರು ಬಂದು ಜಗಳವಾಡುವಷ್ಟು.

ಅಡುಗೆ ಏನಾದರೂ ಸರಿ, ಫೋನೆತ್ತುವ
ನಿನ್ನ ಬಾಯಿಬಡುಕಿ ತಂಗಿ