ನಮ್ಮವಳ ಹಾಗೇ

ಗೋಣಿಬೀಡು
8 ಏಪ್ರಿಲ್ 2026, ಬುಧವಾರ

ಪ್ರೀತಿಯ ಭುವನಾ,

ಅಭ್ಯಾಸಬಲದಿಂದ ‘ಪ್ರೀತಿಯ’ ಎಂದು ಬರೆದುಬಿಟ್ಟೆ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ ಬಿಡು.

ನೀನು ಡ್ರೈವರ್ ಗಿರಿಯ ಕೈಯಲ್ಲಿ ಕಳಿಸಿದ ಕಾಫಿ ಬೀಜದ ಪೊಟ್ಟಣ ನಿನ್ನೆ ತಲುಪಿತು. ಚೀಟಿಯನ್ನೂ ಓದಿದೆ. ಶುಕ್ರವಾರ ಬೆಳಿಗ್ಗೆ ಲಾರಿ ಮಂಗಳೂರು ಬಂದರಿಗೆ ಹೊರಡುತ್ತದಂತೆ. ಇಟಲಿಯವರ ಮೊದಲ ದೊಡ್ಡ ಆರ್ಡರಂತೆ, ವಾಪಸು ಬಂದರೆ ನಮ್ಮ ‘ತೊಟ್ಟು ಕಾಫಿ’ ಕಂಪನಿಯ ಬಾಗಿಲು ಹಾಕಬೇಕಾಗುತ್ತದಂತೆ. ಈಗ ರುಚಿ ನೋಡುವ ಯೋಗೇಶ ಚೆನ್ನಾಗಿದೆ ಅಂದರೂ ನಿನಗೆ ಯಾಕೋ ಸಮಾಧಾನವಿಲ್ಲ, ಆದ್ದರಿಂದ ನಾನು ಒಂದು ಸಲ ರುಚಿ ನೋಡಿ ವಾಟ್ಸಾಪಿನಲ್ಲಿ ಹೂಂ ಅಥವಾ ಉಹೂಂ ಅಂತ ಹಾಕಿದರೆ ಸಾಕಂತೆ. ಕೆಳಗೆ ‘ನಿನ್ನ ಭುವಿ’ ಎಂಬ ಸಹಿ. ಹಾಸ್ಟೆಲಿನಲ್ಲಿ ನಾನಿಟ್ಟ ಹೆಸರು ಅದು. ಮದುವೆಮನೆಗೆ ಹೋಗುವಾಗ ಪೆಟ್ಟಿಗೆಯಿಂದ ತೆಗೆಯುವ ರೇಷ್ಮೆ ಸೀರೆಯ ಹಾಗೆ ನೀನು ಅದನ್ನು ಕೆಲಸವಿದ್ದಾಗ ಮಾತ್ರ ತೆಗೆಯುತ್ತೀಯ.

ಚೀಟಿಯಲ್ಲಿ ‘ನಮ್ಮ ತೊಟ್ಟು ಕಾಫಿ’ ಎಂದಿದ್ದೀಯ, ಗಮನಿಸಿದೆ. ಆ ‘ನಮ್ಮ’ದ ಬಗ್ಗೆಯೇ ನಾಲ್ಕು ಮಾತು ಬರೆಯಬೇಕು. ರುಚಿಯ ವಿಷಯ ಆಮೇಲೆ. ಇಷ್ಟು ತಿಂಗಳು ನನ್ನ ನಾಲಿಗೆ ಇಲ್ಲದೆ ಬದುಕಿದವಳು ಎರಡು ಹಾಳೆ ಓದುವಷ್ಟು ಹೊತ್ತು ಕಾಯಲಾರೆಯಾ?

ನಾಗಶ್ರೀ ಬಂದ ದಿನ ನಿನಗೆ ನೆನಪಿರಬೇಕು. ಸಣ್ಣ ಉದ್ಯಮಗಳಲ್ಲಿ ಎಂಥೆಂಥ ಜನ ಸೇರಿದರೆ ಹೊಸ ಸಂಗತಿ ಹುಟ್ಟುತ್ತದೆ ಎಂದು ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ. ಮೂಡಿಗೆರೆಯಿಂದ ಕಳಸದವರೆಗೆ ಕಾಫಿ ಹುರಿಯುವವರು, ಸಂಸ್ಕರಿಸುವವರು, ಯಾರನ್ನೂ ಬಿಡದೆ ಸುತ್ತಿದ್ದಳು. ನೀನು ಅವಳನ್ನು ಆಫೀಸಿನಲ್ಲಿ ಕೂರಿಸಿಕೊಂಡು ಮಾತಾಡುತ್ತಿದ್ದೆ. ಪಕ್ಕದ ಕೋಣೆಯಲ್ಲಿ ನಾನು ಚಮಚ ಹಿಡಿದು ಆ ವಾರದ ಕಾಫಿಗಳ ರುಚಿ ನೋಡುತ್ತಿದ್ದೆ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ, ಅದನ್ನು ಅಗ್ಗದ್ದೇ ಸಾಕು ಎಂದು ಆರಿಸಿದವಳು ನೀನೇ.

“ಮೇಡಂ, ಇಲ್ಲಿ ನಿಮ್ಮವರು ಎಷ್ಟು ಜನ, ಹೊರಗಿನವರು ಎಷ್ಟು ಜನ?” ಎಂದು ಅವಳು ಕೇಳಿದಳು. ಕಂಪನಿಯ ಸಂಬಳದವರು ಯಾರು, ಮೇಸ್ತ್ರಿ ಕರೆತಂದ ದಿನಗೂಲಿಯವರು ಯಾರು ಎಂಬುದಷ್ಟೇ ಅವಳಿಗೆ ಬೇಕಿದ್ದದ್ದು. ಹಲಗೆಯ ಈಚೆ ನಿಂತ ನನಗೇ ಅದು ತಿಳಿಯಿತು. ಆದರೆ ನಮ್ಮ ಸೀಮೆಯಲ್ಲಿ ‘ನಿಮ್ಮವರು’ ಎಂದು ಯಾರಾದರೂ ಕೇಳಿದರೆ ನಿನ್ನಂಥವರ ಕಿವಿಗೆ ಬೀಳುವುದು ಒಂದೇ ಪ್ರಶ್ನೆ. ನೀನು ದನಿ ತಗ್ಗಿಸಿದೆ. ಸಂಬಳದ ಮಾತಿಗೆ ಯಾರೂ ದನಿ ತಗ್ಗಿಸುವುದಿಲ್ಲ. “ಹಾಲೇಶ ನಮ್ಮವನು. ಬಸಮ್ಮ ನಮ್ಮವರೇ. ಸಿದ್ದಮ್ಮ ಅಲ್ಲ. ಶಬನಂ ನಮ್ಮವಳಲ್ಲ, ಆದ್ರೂ ನಮ್ಮವಳ ಹಾಗೇ ಇದಾಳೆ ನೋಡಿ” ಅಂದೆ.

ನಾನು ಬಾಯಲ್ಲಿದ್ದ ಕಾಫಿಯನ್ನು ಉಗಿಯುವುದು ಮರೆತು ನುಂಗಿದೆ. ಸಿಟ್ಟು ಬರಲಿಲ್ಲ ಭುವನಾ, ಅಳು ಬಂತು. ದೇವರಮನೆಯ ಗುಡ್ಡದ ಮೇಲೆ ನಿನ್ನ ಸ್ಕೂಟರಿನ ಸೀಟಿಗೆ ಒರಗಿ ಇಬ್ಬರೂ ಕಂಪನಿಗೆ ಹೆಸರು ಹುಡುಕಿದ್ದೆವು. ಮೊದಲ ವರ್ಷ ಬೀಜ ಆರಿಸಲು ಕೂಲಿಯವರಿಲ್ಲದೆ ನಾವಿಬ್ಬರೇ ನೆಲದ ಮೇಲೆ ಕೂತು ಆರಿಸಿದ್ದೆವು. ಆಗೆಲ್ಲ ನಾನು ‘ಹಾಗೇ’ ಇದ್ದೆ ಎಂಬುದು ನನಗೆ ಗೊತ್ತಿರಲಿಲ್ಲ.

ನಾಗಶ್ರೀ ನಿನ್ನ ಮಾತನ್ನು ತನ್ನ ಅರ್ಥದಲ್ಲೇ, ನಾನು ಕಂಪನಿಯ ಸಂಬಳದವಳಲ್ಲ ಎಂದು ಬರೆದುಕೊಂಡಳು. ಅವಳದೇನು ತಪ್ಪು? ಬೇರೆಬೇರೆ ಕಡೆಯ ಜನ ಸೇರಿದಲ್ಲಿ ಜಗಳ ಜಾಸ್ತಿ, ಹೊಸತೂ ಜಾಸ್ತಿ. ಒಂದೇ ಥರದವರು ಇರುವಲ್ಲಿ ನೆಮ್ಮದಿ ಜಾಸ್ತಿ, ಹೊಸತು ಕಡಿಮೆ ಎಂಬುದು ಅವಳ ಸಂಶೋಧನೆಯ ಸಾರ. ನಮ್ಮ ಗೋಡೌನಿನಲ್ಲಿ ಒಂದು ದಿನ ಚಹಾದ ಹೊತ್ತಿಗೆ ಕೂತಿದ್ದರೆ ಅಷ್ಟು ಊರು ಅಲೆಯುವುದು ತಪ್ಪುತ್ತಿತ್ತು. ನಾನು ಕಿತ್ತಳೆ ಸಿಪ್ಪೆ ಹಾಕಿ ಕಾಫಿ ಹಣ್ಣನ್ನು ಡ್ರಮ್ಮಿನಲ್ಲಿ ಮುಚ್ಚಿ ಹುಳಿಬರಿಸಲು ಹೊರಟಾಗ, ಡ್ರಮ್ಮು ನೋಡಿಕೊಳ್ಳುವ ಹಾಲೇಶ “ಇದು ಕಾಫಿಯಾ ಉಪ್ಪಿನಕಾಯಿಯಾ ಮಾರಾಯ್ತಿ?” ಎಂದು ಕೂಗಾಡಿ, ಸಿಟ್ಟಿನಲ್ಲಿ ಅವಧಿಗೆ ಮುಂಚೆಯೇ ಮುಚ್ಚಳ ಕಿತ್ತುಹಾಕಿದ್ದ. ನಾನು ಅವನ ಮೇಲೆ ಹರಿಹಾಯ್ದೆ. ಆಮೇಲೆ ರುಚಿ ನೋಡಿದರೆ ಅದೇ ಸರಿಯಾದ ಹದ. ಇಟಲಿಯವರು ಮೆಚ್ಚಿದ್ದು ಅದನ್ನೇ. ಅದು ನನ್ನೊಬ್ಬಳದ್ದಲ್ಲ, ಹಾಲೇಶನದ್ದೂ ಅಲ್ಲ, ನಮ್ಮಿಬ್ಬರ ಜಗಳದ್ದು.

ಆದರೆ ಪ್ರಬಂಧದಲ್ಲಿ ನಮ್ಮ ಕಂಪನಿಯ ಬಗ್ಗೆ ಏನೆಂದು ಅಚ್ಚಾಯಿತು? ಮುಖ್ಯ ಆವಿಷ್ಕಾರಗಳು ಸಂಸ್ಥೆಗೆ ಸೇರದ ಹೊರಗಿನವರಿಂದ ಬಂದಿವೆ ಎಂದು. ನಿನ್ನ ಕಂಪನಿಗೆ ಹಣ ಹಾಕಲು ಬಂದವರು ಅದನ್ನು ಓದಿ ಹೌಹಾರಿದರು. ಹೊರಗಿನವಳ ನಾಲಿಗೆಯ ಮೇಲೆ ನಿಂತ ಕಂಪನಿಗೆ ಹಣ ಹಾಕುವುದು ಹೇಗೆ, ಮೊದಲು ಆ ಕೆಲಸವನ್ನು ನಿಮ್ಮವರ ಕೈಗೆ ತನ್ನಿ ಎಂದರು. ಅಲ್ಲಿ ನೀನು ಒಂದೇ ಒಂದು ಮಾತು ಆಡಬಹುದಿತ್ತು: ಶಬನಂ ಮೊದಲ ದಿನದಿಂದಲೂ ನಮ್ಮ ಸಂಬಳದಲ್ಲೇ ಇದ್ದಾಳೆ, ಆ ಹುಡುಗಿ ತಪ್ಪು ತಿಳಿದಿದ್ದಾಳೆ, ಎಂದು. ಹಾಗೆ ಅಂದಿದ್ದರೆ ಅವರು, ಮತ್ತೆ ನೀವು ಆ ಹುಡುಗಿಗೆ ಹೇಳಿದ್ದೇನು ಎಂದು ಕೇಳುತ್ತಿದ್ದರು. ಆಗ ನೀನು ಎಣಿಸಿದ್ದು ಜಾತಿಯನ್ನು ಎಂದು ಆ ಕೋಟಿನವರ ಎದುರು ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ನಿನ್ನ ಮಾನಕ್ಕಿಂತ ನನ್ನ ಕೆಲಸ ಅಗ್ಗವಾಗಿ ಕಂಡಿತು. ಪ್ಲೈವುಡ್ಡಿನಲ್ಲೂ ನಿನ್ನ ಲೆಕ್ಕ ಹಾಗೇ ಅಲ್ಲವೇ.

ಆಮೇಲೆ ಯೋಗೇಶ ಬಂದ. ನಿನ್ನ ಗಂಡನ ಚಿಕ್ಕಪ್ಪನ ಮಗ, ಅಪ್ಪಟ ‘ನಮ್ಮವನು’. ಹೆಸರಿಗೆ ಮಾತ್ರ ಅವನಿಗೆ ಕಲಿಸು ಎಂದು ನೀನು ಅಂದೆ, ನಾನು ಕಲಿಸಿದೆ. ಮೋಸ ಮಾಡಲಿಲ್ಲ, ಗೊತ್ತಿದ್ದದ್ದನ್ನೆಲ್ಲ ಹೇಳಿಕೊಟ್ಟೆ. ಒಳ್ಳೆಯ ಹುಡುಗ, ಏನು ಕೊಟ್ಟರೂ ನಿನ್ನ ಮುಖ ನೋಡಿ “ಚೆನ್ನಾಗಿದೆ ಅತ್ತಿಗೆ” ಅನ್ನುತ್ತಿದ್ದ. ಚೆನ್ನಾಗಿಲ್ಲ ಅನ್ನುವುದನ್ನು ಮಾತ್ರ ನನಗೆ ಕಲಿಸಲಾಗಲಿಲ್ಲ. ಅವನು ಚಮಚ ಹಿಡಿಯುವುದು ಕಲಿತ ಮೇಲೆ, “ಸ್ವಲ್ಪ ದಿನ ಮನೇಲಿರು, ನಾನೇ ಕರೀತೀನಿ” ಎಂದು ನೀನು ಅಂದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ನಾನು ಬಸ್ಸು ಹತ್ತಿ ಗೋಣಿಬೀಡಿಗೆ ಬಂದೆ. ಈಗ ತಮ್ಮ ಜಾವೇದನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಸುತ್ತಲಿನ ಬೆಳೆಗಾರರ ಕಾಫಿಗೆ ರುಚಿ ನೋಡಿ ಕೊಡುತ್ತಿದ್ದೇನೆ. ಕೆಳಗಿನ ಗ್ರೀಸಿನ ವಾಸನೆ ಬರುತ್ತದೆಂದು ಕಿಟಕಿ ಮುಚ್ಚಿಕೊಂಡು ಕೂರುತ್ತೇನೆ.

ಹೋದ ವಾರ ಮೂಡಿಗೆರೆ ಬಸ್‌ಸ್ಟ್ಯಾಂಡಿನಲ್ಲಿ ಬಸಮ್ಮ ಸಿಕ್ಕಿದ್ದರು. ಬೇಡವೆಂದರೂ ಎಲ್ಲ ಹೇಳಿದರು. ಸಿದ್ದಮ್ಮನೂ ಬಿಟ್ಟಳಂತೆ, ಈಗ ಇರುವವರೆಲ್ಲ ನಿಮ್ಮವರೇ ಅಂತೆ. ಗೋಡೌನಿನಲ್ಲಿ ಜಗಳವೇ ಇಲ್ಲ, ಚಹಾದ ಹೊತ್ತಿಗೆ ನೀನು ಮಂಡಕ್ಕಿ ಕೊಡಿಸುತ್ತೀಯಂತೆ. ಈ ಸಲ ಡ್ರಮ್ಮುಗಳಿಂದ ಏನೋ ವಾಸನೆ ಬಂತು ಎಂದು ಅವರಿಗೆ ಅನಿಸಿತ್ತು. “ಯಜಮಾನ್ರ ಮನೆ ಹುಡುಗನೇ ಚೆನ್ನಾಗಿದೆ ಅಂದ್ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ ಕಣಮ್ಮ” ಅಂದರು. ಹಾಲೇಶನೂ ಮೂಗು ತಿರುಗಿಸಿಕೊಂಡು ಸುಮ್ಮನೆ ದಾಟಿ ಹೋದನಂತೆ. ಹೋದ ವರ್ಷದ ಹಾಲೇಶನಾಗಿದ್ದರೆ ಮುಚ್ಚಳ ರಸ್ತೆಗೆ ಹಾರುತ್ತಿತ್ತು. ಕೂಗಾಡಲು ಎದುರಿಗೆ ನಾನಿರಬೇಕಲ್ಲ. ನಿಮ್ಮವರ ಮೇಲೆ ಅವನು ಹೇಗೆ ಕೂಗಾಡುತ್ತಾನೆ?

ಈಗ ತಿಳಿಯಿತೇ ನಿನಗೆ ಸಮಾಧಾನ ಏಕಿಲ್ಲವೆಂದು? ಇಡೀ ಗೋಡೌನಿನಲ್ಲಿ ನಿನಗೆ ‘ಉಹೂಂ’ ಅನ್ನುವ ಒಂದು ಬಾಯಿ ಉಳಿದಿಲ್ಲ. ಆ ಒಂದು ಶಬ್ದವನ್ನು ಹುಡುಕಿಕೊಂಡು ಗಿರಿ ಇಷ್ಟು ದೂರ ಜೀಪು ಓಡಿಸಿಕೊಂಡು ಬಂದ. ಪಾಪ, ಪೊಟ್ಟಣ ಕೊಡುವಾಗ ಅವನ ಮುಖ ಬಾಡಿತ್ತು. ನಾನು ಅವನಿಗೆ ಕಾಫಿ ಕೊಟ್ಟೆ, ಉತ್ತರ ಕೊಡಲಿಲ್ಲ.

ಕಂಪನಿ ಮುಚ್ಚಿದರೆ ಬಸಮ್ಮನ ಕೆಲಸ ಹೋಗುತ್ತದೆ, ಹಾಲೇಶನದ್ದೂ, ಗಿರಿಯದ್ದೂ. ಇದನ್ನು ಯೋಚಿಸಿಲ್ಲವೆಂದು ತಿಳಿಯಬೇಡ. ನಿನ್ನೆಯಿಂದ ಅದನ್ನೇ ಯೋಚಿಸುತ್ತಿದ್ದೇನೆ. ಅವರ ಮೇಲೆ ನನಗೆ ಕನಿಕರವಿದೆ. ಆದರೆ ನೀನು ಕುಸಿದು ಕೂರುವುದನ್ನು ನೋಡುವ ಆಸೆ ಆ ಕನಿಕರಕ್ಕಿಂತ ದೊಡ್ಡದಾಗಿದೆ. ಇಷ್ಟು ಕೆಟ್ಟವಳು ನಾನು ಎಂದು ನನಗೇ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬೇಜಾರೂ ಆಗಲಿಲ್ಲ, ನಿಜ ಹೇಳುತ್ತೇನೆ, ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಅತ್ತೆ ಮಾವ ಕ್ಷೇಮವೇ? ನಿನ್ನ ಅಪ್ಪ ಸೋಮಶೇಖರಪ್ಪನವರಿಗೆ ನನ್ನ ನಮಸ್ಕಾರ ತಿಳಿಸು. ಅವರು ಮಾತ್ರ ನನ್ನನ್ನು ಯಾವತ್ತೂ ಮಗಳ ಹಾಗೆ ಎಂದವರಲ್ಲ, ‘ಏ ಹುಡುಗಿ’ ಎಂದೇ ಕರೆಯುತ್ತಿದ್ದರು. ಅದೇ ಹಿತವಾಗಿತ್ತು.

ಇಂತಿ,
ನಿನ್ನವಳಲ್ಲದ
ಶಬನಂ

ಮರೆತೆ: ರುಚಿ ನಿನ್ನೆ ಗಿರಿ ಹೋದ ಕೂಡಲೇ ನೋಡಿದೆ. ಬಾಯಿಗಿಟ್ಟಾಗ ಕಿತ್ತಳೆ, ಗಂಟಲಿಗೆ ಇಳಿಯುವಷ್ಟರಲ್ಲಿ ಕೊಳೆತ ಈರುಳ್ಳಿ. ಹುಳಿ ಮೀರಿಹೋಗಿದೆ, ಮುಚ್ಚಳವನ್ನು ಯಾರೂ ಹೊತ್ತಿಗೆ ತೆಗೆದಿಲ್ಲ. ಇಟಲಿಯವರು ಒಂದು ಚಮಚ ಬಾಯಿಗಿಟ್ಟರೆ ಸಾಕು, ಇಡೀ ಲೋಡು ವಾಪಸು. ಆದ್ದರಿಂದ ನೀನು ಕೇಳಿದ ಉತ್ತರ ಇಲ್ಲಿದೆ: ಉಹೂಂ. ಲಾರಿಗೆ ಹತ್ತಿಸಬೇಡ. ಈ ಕಾಗದವನ್ನು ನಾಳೆ, ಗುರುವಾರ, ಮಧ್ಯಾಹ್ನದ ಊಟವಾದ ಮೇಲೆ ಸಾದಾ ಅಂಚೆಗೆ ಹಾಕುತ್ತೇನೆ. ಮಾರನೆಯ ದಿನ ಬೆಳಿಗ್ಗೆ, ಲಾರಿ ಹೊರಡುವ ಹೊತ್ತಿಗೆ, ಅದು ಯಾವ ಊರನ್ನೂ ಮುಟ್ಟುವುದಿಲ್ಲ. ಮೇಜಿನ ಮೇಲೆ ಫೋನು ಹೊಡೆದುಕೊಳ್ಳುತ್ತಿದೆ, ನಿನ್ನ ಹೆಸರೇ ಕಾಣುತ್ತಿದೆ. ಜಾವೇದ್ ಕೆಳಗಿನಿಂದ ಎತ್ತಬಾರದಾ ಎಂದು ಕೂಗುತ್ತಿದ್ದಾನೆ. ಇನ್ನು ಲಕೋಟೆ ಅಂಟಿಸಬೇಕು.