ರೈಲು ಹಳಿ ದಾಟದ ಎಣ್ಣೆ

ಅಪ್ಪಾ,

ದೋಹಾದಿಂದ ನಿಮ್ಮ ಮಗ ಬರೆಯುತ್ತಿದ್ದೇನೆ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ. ಯಾರ ಹತ್ತಿರ ಹೇಳಿಕೊಳ್ಳಲಿ, ನಿಮ್ಮ ಹತ್ತಿರವಲ್ಲದೆ?

ನೀವು ಚಾವಡಿಯಲ್ಲಿ ಕೂತು ಆಫ್ರಿಕಾದ ಟಾಂಗಾನಿಕಾದ ಕಥೆ ತೆಗೆದರೆ ನಮಗೆ ಹಬ್ಬ. ಬ್ರಿಟಿಷ್ ಸರಕಾರದ ಸ್ಯಾನಿಟರಿ ಇನ್‌ಸ್ಪೆಕ್ಟರ್ ನೀವು. ಮಲೇರಿಯಾ ತಡೆಯಲು ಸರಕಾರ ಕೊಡುವ ಹಣದಲ್ಲಿ ಚರಂಡಿಗಳಿಗೆ ಕರಿ ಎಣ್ಣೆ ಹೊಯ್ಯಿಸಿ ಸೊಳ್ಳೆಮರಿ ಸಾಯಿಸುವುದು ನಿಮ್ಮ ಕೆಲಸ. ಒಂದು ವರ್ಷದ ಕೊನೆಗೆ ಡ್ರಮ್ಮುಗಟ್ಟಲೆ ಎಣ್ಣೆ ಉಳಿಯಿತು. ಉಳಿದದ್ದು ತೋರಿಸಿದರೆ ಮುಂದಿನ ವರ್ಷದ ಗ್ರ್ಯಾಂಟಿಗೆ ಕತ್ತರಿ. ಅಷ್ಟನ್ನೂ ದೊರೆಗಳ ಬಂಗಲೆಗಳ ಹಿಂದಿನ ಅದೇ ಚರಂಡಿಗಳಿಗೆ ಮತ್ತೆ ಹೊಯ್ಯಿಸಿದಿರಿ. "ದೊರೆಯ ಬಿಳಿ ನಾಯಿ ಚರಂಡಿಗೆ ಹಾರಿ, ಕರ್ರಗೆ ಎದ್ದು ಬಂದು ಸೋಫಾದಲ್ಲಿ ಕೂತು ಮೈಕೊಡವಿತು ಮಾರಾಯ!" ಎನ್ನುತ್ತಿದ್ದಿರಿ. ನಾವು ಹೊಟ್ಟೆ ಹಿಡಿದು ನಗುತ್ತಿದ್ದೆವು. ಆ ಎಣ್ಣೆ ಬೇರೆಲ್ಲಿಗಾದರೂ ಹೋಗಬಹುದಿತ್ತಲ್ಲ ಎಂದು ಒಬ್ಬರಾದರೂ ಕೇಳಿದ್ದುಂಟೇ?

ಕಳೆದ ಶುಕ್ರವಾರ ಜುಮಾನನ್ನು ಊಟಕ್ಕೆ ಕರೆದಿದ್ದೆ. ಕುವೈತ್ ಯುದ್ಧ ಮುಗಿದ ಮೇಲೆ ನಮ್ಮ ಕಂಪನಿಗೆ ಸೇರಿದ ಸ್ಟೋರ್‌ಕೀಪರ್, ನನ್ನದೇ ಪ್ರಾಯದ ಆಫ್ರಿಕಾದವ, ಟಾಂಗಾನಿಕಾದಲ್ಲಿ ನೀವಿದ್ದ ಪೇಟೆಯವನೇ. ಅದು ಗೊತ್ತಾದ ಮೇಲೆ ನನ್ನ ಬಾಯಿ ಸುಮ್ಮನಿದ್ದೀತೇ? ನೀರುದೋಸೆ, ಕೋಳಿಸಾರು ಬಡಿಸುತ್ತಾ ನಿಮ್ಮ ಕಥೆ ಹೇಳಿದೆ. ನಾಯಿ ಮೈಕೊಡವಿದ್ದನ್ನು ನಿಮ್ಮ ಹಾಗೆಯೇ ಮಾಡಿ ತೋರಿಸಿದೆ. ನನ್ನ ಬುದ್ಧಿಗೆ ಬೆಂಕಿ ಬೀಳಲಿ!

ಜುಮಾ ನಗಲಿಲ್ಲ. "ನಮ್ಮ ಮನೆ ರೈಲು ಹಳಿಯ ಆಚೆ, ಆಫ್ರಿಕನ್ನರ ಕೇರಿಯಲ್ಲಿ. ಅಲ್ಲಿಗೆ ಎಣ್ಣೆ ಬರ್ತಿರ್ಲಿಲ್ಲ" ಎಂದ. "ಹೊಯ್ಯುವ ಕೂಲಿಗಳಲ್ಲಿ ನನ್ನ ಅಪ್ಪನೂ ಒಬ್ಬ. ಬಂಗಲೆಗಳ ಕೆಲಸ ಮುಗಿಸಿ ಮನೆಗೆ ಬಂದ್ರೆ ನಮ್ಮಲ್ಲಿ ಬರೀ ಸೊಳ್ಳೆ. ತಂಗಿ ಮಲೇರಿಯಾದಲ್ಲೇ ಹೋದ್ಳು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇರಬಾರದಿತ್ತೇ? ತಟ್ಟೆಯಲ್ಲಿದ್ದುದನ್ನು ಮುಗಿಸಿ, ಅರಬಿಯಲ್ಲಿ "ಶುಕ್ರನ್" ಎಂದು ಥ್ಯಾಂಕ್ಸ್ ಹೇಳಿ ಹೊರಟ.

"ಎಂತ ಮಾರಾಯ್ರೆ, ಆ ಕಥೆ ಅವರ ಎದುರೇ ಹೇಳ್ಬೇಕಿತ್ತಾ?" ಎಂದಳು ನಿಮ್ಮ ಸೊಸೆ. ನಾನು ಕೈತೊಳೆಯಲು ಎದ್ದೆ.

ಹಳಿಯ ಆಚೆಗೆ ಎಣ್ಣೆ ಹೋಗುವುದಿಲ್ಲವೆಂದು ನಿಮಗೆ ಗೊತ್ತಿತ್ತಲ್ಲ ಅಪ್ಪಾ? ಹಣ ಬಂಗಲೆಗಳ ಸಾಲಿಗೆ ಮಾತ್ರ, ಹಳಿ ದಾಟಿಸಿದರೆ ನಿಮ್ಮ ನೌಕರಿ ಹೋಗುತ್ತಿತ್ತು, ಇರಬಹುದು. ಆ ಸಂಬಳದ ಅನ್ನ ತಿಂದವನು ನಾನು, ನಿಮ್ಮನ್ನು ಬೈಯಲು ನನಗೆ ಯಾವ ಬಾಯಿ... ಆದರೆ ನಗುತ್ತಾ ಹೇಗೆ ಹೇಳಿದಿರಿ? ಇಷ್ಟು ವರ್ಷ ನಾವಾದರೂ ಹೇಗೆ...

ಇವತ್ತು ಡ್ಯೂಟಿ ಮುಗಿಸಿ ಜುಮಾನ ರೂಮಿಗೆ ಹೋದೆ. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ಕೊನೆಗೆ ಅವನ ತಂಗಿಯ ಹೆಸರು ಕೇಳಿದೆ. ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಹೇಳಿದ.

ಜೈನಬು, ಅಪ್ಪಾ. ಆ ಪೇಟೆಯ ಕಥೆಯನ್ನು ನನ್ನ ಮಕ್ಕಳಿಗೆ ಇನ್ನು ಅವಳಿಂದಲೇ ಶುರುಮಾಡುತ್ತೇನೆ.